ಲಾರಿ ಪಲ್ಟಿಯಾಗುವುದು ಯಾಕೆ? ಹೊಣೆ ಯಾರದು?



2025ರ ಜನವರಿ 22ರ ಬೆಳಗಿನ ಜಾವ ಉತ್ತರ ಕನ್ನಡದ ಯಲ್ಲಾಪುರದ ಹತ್ತಿರ ಒಂದು ಲಾರಿ ಕಂದಕಕ್ಕೆ ಉರುಳಿತು. ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು, ತರಕಾರಿ ತುಂಬಿಕೊಂಡು ಹೊರಟಿದ್ದ ಲಾರಿ ಅದು. ಮಾಲಿನ ಜೊತೆಯಲ್ಲೇ ಹೊರಟಿದ್ದ ವ್ಯಾಪಾರಿಗಳಲ್ಲಿ ಕನಿಷ್ಠ 10 ಮಂದಿ ತೀರಿಕೊಂಡರು. ಸಂತೆಗೆ, ಕೂಲಿಗೆ, ಜಾತ್ರೆಗೆ ಅಂತ ನಾವೂ ಲಾರಿ, ಟೆಂಪೋ ಹತ್ತುವವರೇ. ಆದ್ದರಿಂದ ಈ ವಿಷಯ ನಮಗೆ ಗೊತ್ತಿರಬೇಕು.

ಪಲ್ಟಿಯಾಗುವುದು ಯಾಕೆ?

ತಲೆ ಮೇಲೆ ಎರಡು ಕೊಡ ಹೊತ್ತು ಗಕ್ಕನೆ ತಿರುಗಿದರೆ ಮೇಲಿನ ಕೊಡ ಹೊರಗೆ ವಾಲುತ್ತದೆ. ಲಾರಿಯೂ ಹಾಗೇ. ಭಾರ ಎತ್ತರದಲ್ಲಿದ್ದಷ್ಟೂ ತಿರುವಿನಲ್ಲಿ ಅದು ಬೇಗ ವಾಲುತ್ತದೆ. ವೇಗ ಎರಡು ಪಟ್ಟಾದರೆ ಹೊರಗೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಹಗ್ಗ ಸಡಿಲವಾಗಿ ಮಾಲು ಒಂದು ಬದಿಗೆ ಜರುಗಿದರೆ, ಅರ್ಧ ತುಂಬಿದ ಟ್ಯಾಂಕರಿನಲ್ಲಿ ನೀರೋ ಎಣ್ಣೆಯೋ ಕುಲುಕಿದರೆ, ರಸ್ತೆ ಪಕ್ಕದ ಮಣ್ಣು ಕುಸಿದರೆ ಅಪಾಯ ಇನ್ನೂ ಹೆಚ್ಚು. ಮಾಲಿನ ಮೇಲೆ ಜನ ಕೂತರೆ ಭಾರ ಮತ್ತೂ ಮೇಲೇರುತ್ತದೆ.

ಹೊಣೆ ಯಾರದು?

"ಪಾಪ, ಡ್ರೈವರ್ ಹತ್ತಿರ ಏನಿದೆ?" ಅಂತ ಸುಮ್ಮನಾಗುವವರು ಬಹಳ. ಆದರೆ ಹೊಣೆ ಡ್ರೈವರ್ ಒಬ್ಬನದೇ ಅಲ್ಲ. ಕೆಲಸದ ಮೇಲಿದ್ದ ಡ್ರೈವರ್ ಮಾಡಿದ ತಪ್ಪಿಗೆ ಲಾರಿಯ ಮಾಲೀಕನೂ ಪರಿಹಾರ ಕೊಡಬೇಕು. ಮಿತಿ ಮೀರಿ ಲೋಡ್ ಹಾಕಿದರೆ, ಓಡಿಸಿದವನಂತೆ ಓಡಿಸಲು ಬಿಟ್ಟವನೂ ತಪ್ಪಿತಸ್ಥ ಅನ್ನುತ್ತದೆ ಮೋಟಾರು ವಾಹನ ಕಾಯ್ದೆ. ಲಾರಿ ದಾರಿಹೋಕರ ಮೇಲೆ ಬಿದ್ದರೆ ಅವರ ಪರಿಹಾರಕ್ಕೆಂದೇ ಮೂರನೆಯವರ ವಿಮೆ ಇದೆ.

ನಾವು ಎಚ್ಚರವಾಗಿರಬೇಕಾದ್ದು ಇಲ್ಲಿ. ಸರಕಿನ ಲಾರಿಯಲ್ಲಿ ಪ್ರಯಾಣಿಕರಾಗಿ ಹೋದವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ. ತನ್ನ ಮಾಲಿನ ಜೊತೆ ಹೋಗುವವರಿಗೆ ವಿಮೆಯ ರಕ್ಷಣೆ ಉಂಟು. ಆದರೆ 2007ರ ತೀರ್ಪಿನ ಪ್ರಕಾರ ಅವರು ಕ್ಯಾಬಿನ್‌ನಲ್ಲೇ ಕೂತಿರಬೇಕು. ಮೂಟೆಗಳ ಮೇಲೆ ಕೂತರೆ ಪರಿಹಾರಕ್ಕೆ ಮಾಲೀಕನನ್ನೇ ಹಿಡಿಯಬೇಕಾದೀತು. ಅವನ ಹತ್ತಿರ ಹಣ ಇಲ್ಲದಿದ್ದರೆ ಗೆದ್ದ ಕೇಸೂ ಕಾಗದದಲ್ಲೇ ಉಳಿಯುತ್ತದೆ. ಉಳಿಸಿದ ಬಸ್ ಚಾರ್ಜು ಎಷ್ಟು, ಕಳೆದುಕೊಳ್ಳುವುದು ಎಷ್ಟು, ಲೆಕ್ಕ ಹಾಕಿ ನೋಡಿ.

ಅಪಘಾತವಾದರೆ ಏನು ಮಾಡಬೇಕು?

* ಲಾರಿ ನಂಬರ್ ಬರೆದಿಟ್ಟುಕೊಳ್ಳಿ. ಪೊಲೀಸರಿಗೆ ದೂರು ಕೊಟ್ಟು ಎಫ್‌ಐಆರ್ ಪ್ರತಿ ಪಡೆಯಿರಿ.
* ಆಸ್ಪತ್ರೆಯ ಚೀಟಿ, ಬಿಲ್ಲು ಒಂದನ್ನೂ ಬಿಸಾಡಬೇಡಿ.
* ಖಾಲಿ ಕಾಗದಕ್ಕೆ ಸಹಿ, ಹೆಬ್ಬೆಟ್ಟು ಹಾಕಬೇಡಿ.
* ಡ್ರೈವರ್ ಮೇಲಿನ ಪೊಲೀಸ್ ಕೇಸು ಬೇರೆ, ಪರಿಹಾರದ ಕೇಸು ಬೇರೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಆರು ತಿಂಗಳೊಳಗೆ ಅರ್ಜಿ ಹಾಕಿ. ನಾವು ವಾಸವಿರುವ ಕಡೆಯೇ ಹಾಕಬಹುದು.
* ಯಾರ ತಪ್ಪು ಎಂದು ಸಾಬೀತು ಮಾಡಲಾಗದಿದ್ದರೂ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಕೇಳುವ ದಾರಿ ಕಾಯ್ದೆಯ 164ನೇ ಕಲಮಿನಲ್ಲಿದೆ.
* ವಕೀಲರಿಗೆ ಕೊಡಲು ದುಡ್ಡಿಲ್ಲವೇ? ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ತಾಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ.

ಮುಂದಿನ ವಾರದ ಸಭೆಯಲ್ಲಿ ಇದನ್ನು ಓದಿ ಹೇಳಿ. ಸಂತೆಗೆ ಹೋಗುವವರೆಲ್ಲ ಸೇರಿ, ಮಾಲಿಗೆ ಲಾರಿ, ನಮಗೆ ಬಸ್ಸು ಎಂದು ತೀರ್ಮಾನ ಮಾಡಿ, ಪುಸ್ತಕದಲ್ಲಿ ಬರೆದಿಡೋಣ.