‘ಡೈವರ್ಷನ್’ ಎಂಬ ಸಭ್ಯ ಪದ

ನಮ್ಮ ಆಡಳಿತಕ್ಕೆ ಬಲು ಅನುಕೂಲವಾಗಿ ಒದಗಿಬಂದಿರುವ ಇಂಗ್ಲಿಷ್ ಪದಗಳಲ್ಲಿ ‘ಡೈವರ್ಷನ್’ ಕೂಡ ಒಂದು. ಬೆಂಗಳೂರಿನ ಅಗೆದ ರಸ್ತೆಯ ಬದಿಯ ಫಲಕದಲ್ಲಿ ಇದನ್ನು ಎಲ್ಲರೂ ಕಂಡಿದ್ದಾರೆ. ಸೇವೆಯಲ್ಲಿದ್ದ ದಶಕಗಳಲ್ಲಿ ಇದೇ ಪದವನ್ನು ನಾನು ಲೆಕ್ಕಪರಿಶೋಧನೆಯ ವರದಿಗಳಲ್ಲಿ, ಅರಣ್ಯ ಕಡತಗಳಲ್ಲಿ, ಭೂಕಂದಾಯದ ಆದೇಶಗಳಲ್ಲಿ ಓದಿದ್ದೇನೆ. ಇಷ್ಟೊಂದು ಭಿನ್ನ ಸಂಗತಿಗಳಿಗೆ ಒಂದೇ ಪದ ಸಾಲುವುದಾದರೂ ಹೇಗೆ?

‘ಬೇರೆಡೆಗೆ ತಿರುಗು’ ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಪದವಿದು. ದಾರಿ ತಿರುಗಿದರೆ ಬಳಸುದಾರಿ, ಮನಸ್ಸು ತಿರುಗಿದರೆ ವಿನೋದ. ಶತ್ರುವಿನ ಕಣ್ಣು ತಿರುಗಿಸಿದರೆ ಅದು ಯುದ್ಧತಂತ್ರ. 1944ರಲ್ಲಿ ಮಿತ್ರಪಡೆಗಳು ನಾರ್ಮಂಡಿಯಲ್ಲಿ ಇಳಿಯುವ ಮುನ್ನ, ದಾಳಿ ನಡೆಯುವುದು ಕಲೇ ತೀರದಲ್ಲಿ ಎಂದು ಜರ್ಮನರನ್ನು ನಂಬಿಸಿದ್ದವು. ನಮ್ಮ ಪತ್ರಿಕೆಗಳ ಅಪರಾಧ ಸುದ್ದಿಯಲ್ಲಿ ಕಾಣುವ ‘ಗಮನ ಬೇರೆಡೆ ಸೆಳೆದು ಕಳವು’ ಇದರ ಬೀದಿಯ ರೂಪ.

ಕನ್ನಡದಲ್ಲಿ ಇವೆಲ್ಲಕ್ಕೂ ಪ್ರತ್ಯೇಕ ಪದಗಳಿವೆ. ಬಳಸುದಾರಿಯನ್ನು ಯಾರೂ ದುರ್ಬಳಕೆ ಎನ್ನುವುದಿಲ್ಲ. ಕಾಲಹರಣವನ್ನು ವಂಚನೆ ಎನ್ನುವುದಿಲ್ಲ. ಪದವನ್ನು ಆರಿಸುವಾಗಲೇ ಆಡುವವನು ಒಂದು ತೀರ್ಪನ್ನೂ ಕೊಟ್ಟಿರುತ್ತಾನೆ. ‘ಡೈವರ್ಷನ್’ ಈ ಹೊಣೆಯಿಂದ ಅವನನ್ನು ಪಾರುಮಾಡುತ್ತದೆ. ಆಡಳಿತಕ್ಕೆ ಅದು ಪ್ರಿಯವಾಗಿರುವುದು ಈ ಕಾರಣದಿಂದಲೇ.

1980ರ ಅರಣ್ಯ ಸಂರಕ್ಷಣಾ ಕಾಯ್ದೆಯಂತೆ ಅರಣ್ಯಭೂಮಿಯನ್ನು ಅನ್ಯ ಉದ್ದೇಶಕ್ಕೆ ಬಳಸಲು ಕೇಂದ್ರದ ಪೂರ್ವಾನುಮತಿ ಬೇಕು. ಕಡತಗಳಲ್ಲಿ ಇದರ ಹೆಸರು ‘ಡೈವರ್ಷನ್’. ಆದರೆ ಕಾಡು ಎಲ್ಲಿಗೂ ತಿರುಗಿ ಹೋಗುವುದಿಲ್ಲ. ಗಣಿಯೋ ಜಲಾಶಯವೋ ಬಂದಲ್ಲಿ ಅದು ಇಲ್ಲವಾಗುತ್ತದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಕೂಡ ಕೃಷಿಭೂಮಿಯನ್ನು ಬೇರೆ ಉದ್ದೇಶಕ್ಕೆ ‘ಡೈವರ್ಟ್’ ಮಾಡುವ ಮಾತನ್ನಾಡಿದೆ. ಜನರು ಮಾತ್ರ ಅದನ್ನು ‘ಕನ್ವರ್ಷನ್’ ಎನ್ನುತ್ತಾರೆ. ನಿವೇಶನವಾದ ಹೊಲ ಮರಳಿ ಹೊಲವಾಗದೆಂಬುದನ್ನು ಬಲ್ಲ ಜನರ ಮಾತೇ ಇಲ್ಲಿ ಹೆಚ್ಚು ನಿಖರ.

ಪದವನ್ನು ಬಳಸುವುದರಂತೆ ಬಳಸದಿರುವುದೂ ರಾಜಕಾರಣವೇ. ಸಕಲೇಶಪುರದ ಘಟ್ಟದ ನೀರನ್ನು ಕೋಲಾರ, ಚಿಕ್ಕಬಳ್ಳಾಪುರದಂಥ ಬಯಲುಸೀಮೆಯ ಜಿಲ್ಲೆಗಳಿಗೆ ಒಯ್ಯುವ ಯೋಜನೆಯನ್ನು ಸರ್ಕಾರ ‘ಎತ್ತಿನಹೊಳೆ ಸಮಗ್ರ ಕುಡಿಯುವ ನೀರಿನ ಯೋಜನೆ’ ಎಂದು ಕರೆಯಿತು. ಕರಾವಳಿಯ ವಿರೋಧಿಗಳು ಅದನ್ನೇ ‘ನೇತ್ರಾವತಿ ತಿರುವು’ ಎಂದರು. ಒಂದು ಹೆಸರು ನೀರು ತಲುಪುವ ಊರನ್ನು ನೋಡುತ್ತದೆ, ಇನ್ನೊಂದು ನೀರು ಬಿಟ್ಟುಹೋಗುವ ಊರನ್ನು.

ಹಣದ ವಿಷಯಕ್ಕೆ ಬಂದಾಗ ಈ ಜಗಳ ಇನ್ನಷ್ಟು ಸ್ಪಷ್ಟವಾಗುತ್ತದೆ. ರಾಜ್ಯಗಳಿಗೆ ಪರಿಹಾರ ಕೊಡಲೆಂದು ಸಂಗ್ರಹಿಸಿದ ಜಿಎಸ್‌ಟಿ ಸೆಸ್ಸಿನಲ್ಲಿ ₹47,272 ಕೋಟಿಯನ್ನು 2017–18 ಮತ್ತು 2018–19ರಲ್ಲಿ ಆ ನಿಧಿಗೆ ಜಮೆ ಮಾಡಿಲ್ಲವೆಂದು ಮಹಾಲೇಖಪಾಲರ ವರದಿ 2020ರಲ್ಲಿ ಆಕ್ಷೇಪಿಸಿತು. ಲೆಕ್ಕ ತಾಳೆ ನೋಡಲು ಹಿಡಿದ ಸಮಯವನ್ನು ‘ಡೈವರ್ಷನ್’ ಎನ್ನಲಾಗದು ಎಂಬುದು ಹಣಕಾಸು ಸಚಿವಾಲಯದ ಮೂಲಗಳ ಸಮರ್ಥನೆಯಾಗಿತ್ತು. ಅದೇ ವರ್ಷ, ಕೋವಿಡ್ ನಡುವೆ, ರಾಜ್ಯಗಳು ಪರಿಹಾರದ ಬಾಕಿಗಾಗಿ ಕಾಯುತ್ತಿದ್ದವು. ನಿಗದಿತ ಕಾಲಕ್ಕೆ ನಿಧಿ ಸೇರದ ಹಣಕ್ಕೆ ಯಾವ ಹೆಸರಿಟ್ಟರೂ ಕಾಯುವವನ ಕಷ್ಟ ಕಡಿಮೆಯಾಗುವುದಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿ ಮೊದಲು ಕಲಿಯುವ ಪಾಠ, ಸಂಪನ್ಮೂಲ ಸೀಮಿತ ಎಂಬುದು. ಒಂದೆಡೆಗೆ ತಿರುಗಿಸಿದ್ದು ಇನ್ನೊಂದೆಡೆಯಿಂದ ಬಂದಿರಲೇಬೇಕು. ತಿರುಗಿಸುವುದು ಯಾವಾಗಲೂ ತಪ್ಪೇನಲ್ಲ. ಬರದ ವರ್ಷದಲ್ಲಿ ರಸ್ತೆಯ ಹಣ ಮೇವಿಗೆ ಹೋದರೆ ಆಕ್ಷೇಪಿಸುವವರು ಯಾರು? ಆದರೆ ಯಾರದನ್ನು ತಿರುಗಿಸಲಾಯಿತು, ಯಾರ ಆದೇಶದಿಂದ, ಮರಳುವುದು ಎಂದು ಎಂಬುದನ್ನು ಬಹಿರಂಗವಾಗಿ ಹೇಳಬೇಕು. ಶಾಸನಸಭೆಯಲ್ಲಿ ಈ ಪದ ಕೇಳಿಬಂದಾಗಲೆಲ್ಲ ಸದಸ್ಯರು ಅದರ ಕನ್ನಡ ಪದ ಯಾವುದೆಂದು ಸಚಿವರನ್ನು ಕೇಳಲಿ. ಉತ್ತರದಲ್ಲಿ ಬರುವುದು ‘ಬಳಸುದಾರಿ’ಯೋ ‘ದುರ್ಬಳಕೆ’ಯೋ ಎಂಬುದರಲ್ಲಿ ಅರ್ಧ ಲೆಕ್ಕ ಹೊರಬಿದ್ದಿರುತ್ತದೆ.