ಭತ್ತದ ಗದ್ದೆಗೆ ಅಜೋಸ್ಪಿರಿಲಮ್

ಅಡಿಕೆಗೆ ಬೋರ್ಡೋ ಹೊಡೆಯುವುದೂ ಗದ್ದೆಯ ನಟ್ಟಿಯೂ ಮಲೆನಾಡಿನಲ್ಲಿ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುತ್ತವೆ. ತೋಟಕ್ಕೆ ಕೊಡುವ ಗಮನದ ಕಾಲುಭಾಗವನ್ನೂ ನಾವು ಗದ್ದೆಗೆ ಕೊಡುವುದಿಲ್ಲವೆಂಬುದು ಒಪ್ಪಬೇಕಾದ ಮಾತು. ಕೂಲಿ, ಗೊಬ್ಬರದ ಲೆಕ್ಕ ಹಾಕಿ ಗದ್ದೆಗೂ ಅಡಿಕೆ ಸಸಿ ಇಟ್ಟವರು ನಮ್ಮಲ್ಲಿ ಅನೇಕರು. ಇನ್ನೂ ಭತ್ತ ಬಿಡದ ಸದಸ್ಯ ಬಂಧುಗಳಿಗಾಗಿ ಈ ನಾಲ್ಕು ಮಾತು.

ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸಾರಜನಕವೇ ಆದರೂ ಪೈರು ಅದನ್ನು ನೇರವಾಗಿ ಹೀರಲಾರದು. ಅವರೆ, ಅಲಸಂದೆಯ ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಈ ಕೆಲಸ ಮಾಡಿಕೊಡುತ್ತದೆಂಬುದು ಹಳೆಯ ಸಂಗತಿ. ಭತ್ತದ ಬೇರಿನಲ್ಲಿ ಅಂಥ ಗಂಟಿಲ್ಲ. ಅವರೆಗೆಂದು ತಂದ ಪೊಟ್ಟಣವನ್ನು ಭತ್ತಕ್ಕೆ ಹಾಕಿ ಫಲ ಕಾಯುವವರು ಇದನ್ನು ಗಮನಿಸಬೇಕು. ಹುಲ್ಲಿನ ಜಾತಿಯ ಬೆಳೆಗಳ ಬೇರಿಗಂಟಿ ಬದುಕುವ ಸೂಕ್ಷ್ಮಾಣು ಬೇರೆಯೇ ಇದೆ. 1925ರಲ್ಲಿ ಬೈಯೆರಿಂಕ್ ಅದನ್ನು ವರ್ಣಿಸಿದ್ದರೂ, ಬ್ರೆಜಿಲ್‌ನಲ್ಲಿ ಯೋಹಾನಾ ಡೋಬರೈನರ್ 1970ರ ದಶಕದಲ್ಲಿ ಹುಲ್ಲಿನ ಬೇರುಗಳನ್ನು ಪರೀಕ್ಷಿಸಿದ ಮೇಲೆಯೇ ಅದಕ್ಕೆ ಬೆಲೆ ಬಂದಿತು. 1978ರಲ್ಲಿ ಅಜೋಸ್ಪಿರಿಲಮ್ ಎಂಬ ಹೆಸರಾಯಿತು.

ಅಜೋಟೋಬ್ಯಾಕ್ಟರ್ ಎಂಬ ಇನ್ನೊಂದು ಪೊಟ್ಟಣವೂ ಅಂಗಡಿಯಲ್ಲಿ ಸಿಗುತ್ತದೆ. ಅದಕ್ಕೆ ಹುಳಿಮಣ್ಣು ಆಗದು. ನಮ್ಮ ಮಣ್ಣೋ ಹುಳಿಯೇ. ಆದ್ದರಿಂದ ಗದ್ದೆಗೆ ಅಜೋಸ್ಪಿರಿಲಮ್ಮೇ ಲೇಸೆಂದು ನಮ್ಮ ಅಭಿಪ್ರಾಯ.

ಅದರ ಉಪಕಾರ ಸಾರಜನಕವೊಂದೇ ಅಲ್ಲ. ಬೇರನ್ನು ಚಿಗುರಿಸುವ ರಸವನ್ನೂ ಅದು ಒಸರುತ್ತದೆ. ಎಳೆಬೇರು ಹೆಚ್ಚಿ, ಪೈರು ಮಣ್ಣಿನ ಸಾರವನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. ಯೂರಿಯಾ ಅತಿಯಾಗಿ ಸುರಿದ ಕಡೆ ಮಾತ್ರ ಗಾಳಿಯ ಸಾರಜನಕ ಹಿಡಿಯುವ ಕೆಲಸವನ್ನು ಅದು ನಿಲ್ಲಿಸಿಬಿಡುತ್ತದೆ. ಉಣ್ಣಲು ಸಿದ್ಧವಿರುವಾಗ ದುಡಿಯುವವರಾರು!

ಈಗ ನಮ್ಮದೇ ತಪ್ಪಿನ ಕಥೆ. ಮೊದಲ ವರ್ಷ ಅಗೆಯ ಬೇರು ಅದ್ದಲು ನಮ್ಮ ಕೈಗೆ ಸಿಕ್ಕಿದ್ದು ಅಂಗಳದಲ್ಲಿದ್ದ ಬೋರ್ಡೋ ಪೀಪಾಯಿ. ನೀರಲ್ಲಿ ಗಲಬರಿಸಿದ್ದೆವು, ಅಷ್ಟೇ ಸಾಕೆಂದುಕೊಂಡೆವು. ಕೊಯ್ಲಿನಲ್ಲಿ ಅದ್ದಿದ ಗದ್ದೆಗೂ ಅದ್ದದ ಗದ್ದೆಗೂ ಒಂದು ಕೊಳಗದ ವ್ಯತ್ಯಾಸವೂ ಕಾಣಲಿಲ್ಲ. ಪೊಟ್ಟಣವನ್ನೇ ಬೈದೆವು. ಮೈಲುತುತ್ತದ ತಾಮ್ರ ಕೊಳೆರೋಗದ ಬೂಷ್ಟನ್ನು ಮಾತ್ರವಲ್ಲ, ಬ್ಯಾಕ್ಟೀರಿಯವನ್ನೂ ಕೊಲ್ಲುತ್ತದೆಂಬುದು ಆಗ ನಮ್ಮ ತಲೆಗೆ ಹೊಳೆಯಲಿಲ್ಲ. ಇದಕ್ಕೆಂದೇ ಬೇರೆ ಬಕೆಟ್ಟೋ ಬಾನಿಯೋ ಇರಲಿ. ಬೋರ್ಡೋ ಹೊಡೆದ ಕೈಯಲ್ಲಿ ಅಗೆ ಮುಟ್ಟಬೇಡಿ.

ಎಕರೆಗೆ 200 ಗ್ರಾಮಿನ ಎರಡು ಪೊಟ್ಟಣ ಸಾಕು. 15ರಿಂದ 20 ಲೀಟರ್ ನೀರಿನಲ್ಲಿ ಕದಡಿ, ಕಿತ್ತ ಅಗೆಯ ಬೇರನ್ನು 15ರಿಂದ 30 ನಿಮಿಷ ಅದ್ದಿಟ್ಟು, ಒಣಗಲು ಬಿಡದೆ ನೆಡಬೇಕು. ಮಿಕ್ಕ ನೀರು ಗದ್ದೆಗೇ ಹೋಗಲಿ. ರಸಗೊಬ್ಬರದೊಡನೆ ಬೆರೆಸಲೇಬಾರದು. ಕೊಳ್ಳುವಾಗ ಅವಧಿ ಮುಗಿಯುವ ತಾರೀಖು ನೋಡಿ. ಪುಡಿರೂಪದ್ದು ಸುಮಾರು ಆರು ತಿಂಗಳಷ್ಟೇ ಬಾಳುವುದು. ಬಿಸಿಲಿಗೆ, ಒಲೆಯ ಮೇಲಿನ ಅಟ್ಟಕ್ಕೆ, ಜೀಪಿನ ಮುಂಭಾಗದಲ್ಲಿ ಕಾಯುವ ಗಾಜಿನ ಹಿಂದಕ್ಕೆ ಇಟ್ಟರೆ ಜೀವ ಹೋಯಿತೆಂದೇ ತಿಳಿಯಿರಿ.

ಎಷ್ಟು ಲಾಭ? ಇಪ್ಪತ್ತು ವರ್ಷಗಳ ಹೊಲಪ್ರಯೋಗಗಳನ್ನು 1994ರಲ್ಲಿ ಒಟ್ಟಿಗೆ ಪರಿಶೀಲಿಸಿದ ವಿಜ್ಞಾನಿಗಳು, ನೂರಕ್ಕೆ 60–70 ಪ್ರಯೋಗಗಳಲ್ಲಿ ಶೇಕಡಾ 5ರಿಂದ 30ರಷ್ಟು ಇಳುವರಿ ಹೆಚ್ಚಿದೆಯೆಂದರು. ಅಂದರೆ ಮೂರರಲ್ಲೊಂದು ಕಡೆ ಏನೂ ಆಗಿಲ್ಲ. ಯೂರಿಯಾ ಪೂರ್ತಿ ನಿಲ್ಲಿಸಿ ಕೈಸುಟ್ಟುಕೊಳ್ಳಬೇಡಿ. ಒಂದು ಗದ್ದೆಗೆ ಅಗೆ ಅದ್ದಿ ನೆಟ್ಟು, ಯೂರಿಯಾವನ್ನು ಕಾಲುಭಾಗ ಇಳಿಸಿ. ಪಕ್ಕದ ಗದ್ದೆಯನ್ನು ಎಂದಿನಂತೆ ಬಿಡಿ. ತಳಿ ಒಂದೇ ಇರಲಿ. ಮೇಲಿನ ಗದ್ದೆಯ ನೀರು ಕೆಳಗಿನದಕ್ಕೆ ಇಳಿಯುವುದರಿಂದ, ಅದ್ದಿ ನೆಟ್ಟದ್ದು ಕೆಳಗಿನ ಗದ್ದೆಯಾಗಿರಲಿ. ಒಕ್ಕುವಾಗ ಎರಡನ್ನೂ ಬೇರೆಬೇರೆ ಅಳೆದು ಬರೆದಿಟ್ಟುಕೊಳ್ಳಿ.