ಹಾಯಿಹಡಗಿನ ಭಾಗಗಳು: ತಪ್ಪು ಕಲ್ಪನೆ ಮತ್ತು ಸತ್ಯ

ಹಾಯಿಹಡಗಿನ ಮುಖ್ಯ ಭಾಗಗಳು ಒಡಲು, ಕೂವೆಮರ, ಹಗ್ಗ, ಹಾಯಿ ಮತ್ತು ಚುಕ್ಕಾಣಿ. ಇವುಗಳ ರಚನೆ, ಕೆಲಸಗಳ ಬಗ್ಗೆ ಹಲವು ತಪ್ಪು ತಿಳಿವಳಿಕೆಗಳು ರೂಢಿಯಲ್ಲಿವೆ.

ತಪ್ಪು ಕಲ್ಪನೆ: ಮೊಳೆ ಹೊಡೆಯದೆ ಹಡಗು ಕಟ್ಟಲಾಗದು.
ಸತ್ಯ: ಅರಬ್ಬೀ ಸಮುದ್ರದ ಅನೇಕ ಹಡಗುಗಳನ್ನು ಶತಮಾನಗಳ ಕಾಲ ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಹಲಗೆಗಳ ಅಂಚಿನುದ್ದಕ್ಕೂ ತೂತು ಕೊರೆದು, ಸಂದಿಗೆ ನಾರು ಇಟ್ಟು, ಹುರಿ ಎಳೆದು ಬಿಗಿಯುತ್ತಿದ್ದರು. ಅಜಂತಾದ ಚಿತ್ರವೊಂದನ್ನು ಆಧರಿಸಿ ಹೀಗೆ ಹೊಲಿದು ಕಟ್ಟಿದ ‘ಐಎನ್‌ಎಸ್‌ವಿ ಕೌಂಡಿನ್ಯ’ 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿತು.

ತಪ್ಪು ಕಲ್ಪನೆ: ಹಡಗು ಹಗುರವಾದಷ್ಟೂ ಕ್ಷೇಮ.
ಸತ್ಯ: ಮೇಲೆ ಕೂವೆಮರ, ಹಾಯಿಗಳ ಭಾರವಿದ್ದು ತಳ ಹಗುರವಾದರೆ ಹಡಗು ಮಗುಚುತ್ತದೆ. ಅದಕ್ಕೇ ಒಡಲಿನ ತಳಕ್ಕೆ ಕಲ್ಲು ತುಂಬುತ್ತಿದ್ದರು. ಮೇಲ್ಭಾರ ಹೆಚ್ಚಾಗಿದ್ದ ಸ್ವೀಡನ್ನಿನ ‘ವಾಸಾ’ ಯುದ್ಧನೌಕೆ 1628ರಲ್ಲಿ ಮೊದಲ ಯಾನದಲ್ಲೇ, ಸ್ಟಾಕ್‌ಹೋಮ್ ದಾಟುವ ಮೊದಲೇ ಮುಳುಗಿತು.

ತಪ್ಪು ಕಲ್ಪನೆ: ಕೂವೆಮರ ಎಂದರೆ ಒಂದೇ ಉದ್ದನೆಯ ಮರ.
ಸತ್ಯ: ದೋಣಿಗಳಲ್ಲಿ ಹೌದು. 18ನೇ ಶತಮಾನದ ಯುರೋಪಿನ ದೊಡ್ಡ ಹಡಗುಗಳಲ್ಲಿ ಸಾಮಾನ್ಯವಾಗಿ ಒಂದರ ಮೇಲೊಂದು ಜೋಡಿಸಿದ ಮೂರು ತುಂಡುಗಳಿರುತ್ತಿದ್ದವು. ಮೇಲಿನದು ಮುರಿದರೆ ಅದನ್ನಷ್ಟೇ ಬದಲಿಸಬಹುದಿತ್ತು; ಬಿರುಗಾಳಿ ಬರುವಂತಿದ್ದರೆ ಕೆಳಗಿಳಿಸಲೂ ಬಹುದಿತ್ತು.

ತಪ್ಪು ಕಲ್ಪನೆ: ಹಗ್ಗಗಳೆಲ್ಲ ಹಾಯಿ ಏರಿಸುವುದಕ್ಕೆ.
ಸತ್ಯ: ಹಗ್ಗಗಳಲ್ಲಿ ಎರಡು ಬಗೆ. ಟಾರು ಬಳಿದ ದಪ್ಪ ಹಗ್ಗಗಳು ಕೂವೆಮರವನ್ನು ಹಿಂದೆ, ಮುಂದೆ, ಅಕ್ಕಪಕ್ಕದಿಂದ ಬಿಗಿಹಿಡಿದು ನಿಲ್ಲಿಸುತ್ತವೆ. ಅವನ್ನು ಯಾನದ ನಡುವೆ ಎಳೆದು ಬಿಡುವುದಿಲ್ಲ. ಹಾಯಿಯನ್ನು ಏರಿಸುವ, ಇಳಿಸುವ, ತಿರುಗಿಸುವ ಹಗ್ಗಗಳು ಬೇರೆ. ಒಂದೊಂದಕ್ಕೂ ಗೊತ್ತಾದ ಗೂಟವಿರುವುದರಿಂದ ನಾವಿಕರಿಗೆ ಕತ್ತಲಲ್ಲೂ ಬೇಕಾದ ಹಗ್ಗ ಕೈಗೆ ಸಿಗುತ್ತದೆ.

ತಪ್ಪು ಕಲ್ಪನೆ: ಗಾಳಿ ಬೀಸಿದತ್ತಲೇ ಹಡಗು ಹೋಗಬೇಕು.
ಸತ್ಯ: ನೇರ ಎದುರುಗಾಳಿಗೆ ಯಾವ ಹಾಯಿಹಡಗೂ ಸಾಗದು. ಆದರೆ ಹಾಯಿಯನ್ನು ಓರೆ ಮಾಡಿದರೆ ಪಕ್ಕದಿಂದ, ತುಸು ಮುಂದಿನಿಂದ ಬರುವ ಗಾಳಿಯೂ ಹಡಗನ್ನು ಮುಂದಕ್ಕೆ ಒಯ್ಯುತ್ತದೆ. ಹಡಗು ತೀರ ಅಡ್ಡಕ್ಕೆ ಸರಿಯದಂತೆ ನೀರಿನೊಳಗಿನ ಒಡಲು ತಡೆಯುತ್ತದೆ. ಹೀಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಸಾಗಿ ಗಾಳಿ ಬರುವ ದಿಕ್ಕಿನ ಬಂದರನ್ನೂ ಮುಟ್ಟಬಹುದು.

ತಪ್ಪು ಕಲ್ಪನೆ: ಹಡಗನ್ನು ಮೊದಲಿನಿಂದಲೂ ಚಕ್ರ ಹಿಡಿದು ತಿರುಗಿಸುತ್ತಿದ್ದರು.
ಸತ್ಯ: ಚಕ್ರ ಬಳಕೆಗೆ ಬಂದದ್ದು 18ನೇ ಶತಮಾನದ ಆರಂಭದಲ್ಲಿ. 1492ರಲ್ಲಿ ಕೊಲಂಬಸನ ಹಡಗುಗಳಲ್ಲಿ ಚುಕ್ಕಾಣಿಯ ತಲೆಗೆ ಸಿಕ್ಕಿಸಿದ ಮರದ ಹಿಡಿಕೆಯಷ್ಟೇ ಇತ್ತು. ಚಕ್ರ ಬಂದ ಮೇಲೂ ಆ ಹಿಡಿಕೆ ಹೋಗಲಿಲ್ಲ. ಚಕ್ರ ತಿರುಗಿಸಿದಾಗ ಹಗ್ಗಗಳು ಅದನ್ನೇ ಎಳೆಯುತ್ತಿದ್ದವು.